ಅಳತೆಯ ಕಂಬ

ಮಕ್ಕಳನ್ನು ಕರೆದುಕೊಂಡು ವಿಹಾರಕ್ಕೆ ಹೋಗುವುದು ಗೃಹಸ್ಥಧರ್ಮದಲ್ಲಿ ಸೇರಿದುದೆಂದು ಯಾವ ಸ್ಮೃತಿಕಾರನೂ ವಿಧಿಸಿದಂತೆ ನಾವು ಕಾಣೆವು. ಆದರೂ ಬೇಸಗೆಯ ರಜೆ ಬಂದೊಡನೆ ಮೊಮ್ಮಕ್ಕಳ ಆಜ್ಞೆಯು ಶ್ರುತಿವಾಕ್ಯದಷ್ಟೇ ಬಲವತ್ತರವಾಗುವುದೆಂಬುದನ್ನು ಅನುಭವಸ್ಥರಾದ ವಾಚಕರಿಗೆ ಬೇರೆಯಾಗಿ ಹೇಳಬೇಕಾದುದಿಲ್ಲ. ಕಳೆದ ಬೇಸಗೆಯಲ್ಲಿ ಹೀಗೆ ಆಜ್ಞಾಪಿತರಾಗಿ ನಾವು, ನಮ್ಮ ಗೃಹಿಣಿ, ಮಗ, ಸೊಸೆ, ಎಂಟು ವರ್ಷದ ಮೊಮ್ಮಗ, ನಾಲ್ಕು ವರ್ಷದ ಮೊಮ್ಮಗಳು, ಹೀಗೆ ಆರು ಮಂದಿ ಬೆಳಗ್ಗೆಯೇ ಸ್ನಾನಾದಿಗಳನ್ನು ಮುಗಿಸಿ ಬೆಂಗಳೂರಿನಿಂದ ಮೈಸೂರು ರಸ್ತೆ ಹಿಡಿದು ಹೊರಟೆವು. ಬಿಡದಿಯಲ್ಲಿ ತಟ್ಟೆ ಇಡ್ಲಿಯ ಉಪಾಹಾರವಾಯಿತು. ಅನಂತರ, ಅಲ್ಲಿಗೆ ಸಮೀಪದಲ್ಲಿಯೇ 2005ರಲ್ಲಿ ತೆರೆದ ವಂಡರ್‌ಲಾ ಎಂಬ ಕ್ರೀಡೋದ್ಯಾನವನ್ನು ಸೇರಿದೆವು.

ಇಂಥ ಉದ್ಯಾನಗಳೆಲ್ಲ ಪರದೇಶದ ಹೊಸ ಸೃಷ್ಟಿಯೆಂದು ನಮ್ಮ ಮಗನ ಮತ. ಅಮೆರಿಕದಲ್ಲಿ ಡಿಸ್ನಿಲ್ಯಾಂಡ್ ತೆರೆದುದು 1955ರಲ್ಲಿ. ದಿಲ್ಲಿಯಲ್ಲಿ ಅಪ್ಪು ಘರ್ ತೆರೆದುದು 1984ರಲ್ಲಿ, ಮುಚ್ಚಿದುದು 2008ರಲ್ಲಿ. ಈ ಲೆಕ್ಕವೇನೋ ಸರಿಯೇ. ಆದರೆ ಹನ್ನೊಂದನೆಯ ಶತಮಾನದಲ್ಲಿ ಧಾರಾನಗರಿಯನ್ನಾಳಿದ ಭೋಜರಾಜನು ತನ್ನ ಸಮರಾಂಗಣಸೂತ್ರಧಾರದಲ್ಲಿ ಯಂತ್ರಗಳಿಗೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟು, ನೀರೆರಚುವ ಧಾರಾಗೃಹಗಳನ್ನೂ ಜನರನ್ನು ಕೂರಿಸಿಕೊಂಡು ಸುತ್ತುವ ಡೋಲೆಗಳನ್ನೂ ವರ್ಣಿಸಿರುವನು. ಅಲ್ಲಿ ನೀರಿನ ಕಾರಂಜಿಗಳ ಕೆಳಗೆ ಕುಣಿಯುತ್ತಿದ್ದ ಜನಸ್ತೋಮವನ್ನು ಕಂಡಾಗ, ಮನುಷ್ಯನಿಗೆ ತೂಗಿಸಿಕೊಳ್ಳುವ ಮತ್ತು ನೆನೆಯುವ ಆಸೆ ಹೊಸದೇನೂ ಅಲ್ಲವೆಂದು ನಮಗೆ ತೋರಿತು. ನಮ್ಮ ಮೊಮ್ಮಗಳಂತೂ ಪಾದ ಮುಳುಗುವಷ್ಟು ನೀರಿದ್ದ ಒಂದು ಕೊಳವನ್ನು ಕಂಡು ಅಲ್ಲಿಯೇ ಕುಳಿತುಬಿಟ್ಟಳು. ಅವಳಿಗೆ ಅಲ್ಲಿಗೇ ಸ್ವರ್ಗ ಮುಗಿಯಿತು. ಅವಳ ತಾಯಿಯೂ ಅಜ್ಜಿಯೂ ಕಾವಲಿಗೆ ನಿಂತರು.

ಮೊಮ್ಮಗನ ಗುರಿಯಾದರೋ ಬೇರೆ. ಕಬ್ಬಿಣದ ಹಳಿಯ ಮೇಲೆ ಏರಿ ಇಳಿದು ತಲೆಕೆಳಗಾಗಿ ಓಡುವ ರೋಲರ್ ಕೋಸ್ಟರ್ ಎಂಬ ಬಂಡಿಯ ಚಿತ್ರವನ್ನು ಅವನು ಒಂದು ತಿಂಗಳಿಂದ ಪುಸ್ತಕದ ಹೊದಿಕೆಗೆ ಅಂಟಿಸಿಕೊಂಡಿದ್ದನು. ಬಿಸಿಲಿನಲ್ಲಿ ಬಹಳ ಹೊತ್ತು ಸಾಲಿನಲ್ಲಿ ನಿಂತು ನಾವು ಮೂವರೂ ಬಾಗಿಲನ್ನು ಸಮೀಪಿಸಿದೆವು. ಅಲ್ಲೊಂದು ಕಂಬ, ಕಂಬದ ಮೇಲೊಂದು ಗೆರೆ. ಗೆರೆಯನ್ನು ಮುಟ್ಟದ ಮಗುವಿಗೆ ಪ್ರವೇಶವಿಲ್ಲ. ನಮ್ಮ ಹುಡುಗನ ತಲೆಗೂ ಗೆರೆಗೂ ಎರಡು ಬೆರಳಿನ ಅಂತರವಿದ್ದುದು ದೂರದಿಂದಲೇ ಕಂಡಿತು.

ಆಗ ನಮ್ಮ ಮಗನು ಬಗ್ಗಿ, "ಹಿಮ್ಮಡಿ ಸ್ವಲ್ಪ ಎತ್ತಿ ನಿಂತುಕೋ ಪುಟ್ಟ, ಯಾರೂ ನೋಡುವುದಿಲ್ಲ" ಎಂದು ಪಿಸುಗುಟ್ಟಿದನು. ಹುಡುಗನು ತಂದೆಯ ಕಡೆಗೆ ನೋಡಲಿಲ್ಲ, ನಮ್ಮ ಕಡೆಗೆ ತಿರುಗಿ, "ತಾತ, ಎತ್ತಲಾ?" ಎಂದನು. ಮೂವತ್ತು ವರ್ಷಕ್ಕೂ ಮಿಕ್ಕು ಪಾಠಶಾಲೆಯ ಕರಿಹಲಗೆಯ ಮೇಲೆ ಸತ್ಯದ ಮಹಿಮೆಯನ್ನು ಬರೆದು ಬರೆಸಿದ ನಾವು ಆ ಗಳಿಗೆಯಲ್ಲಿ ಮಾಡಿದುದೇನು? ದೂರದ ಕಾರಂಜಿಯ ಕಡೆಗೆ ಮುಖ ತಿರುಗಿಸಿದೆವು. ಬೇಡವೆಂದರೆ ಮಗುವಿನ ತಿಂಗಳ ಆಸೆಗೆ ನೀರೆರೆದಂತೆ. ಆಗಲೆಂದರೆ ನಮ್ಮ ಬಾಯಿಂದಲೇ ಕಪಟವನ್ನು ಕಲಿಸಿದಂತೆ. ಮೌನವು ಎರಡರಿಂದಲೂ ನಮ್ಮನ್ನು ಪಾರುಮಾಡುವುದೆಂದು ಎಣಿಸಿದೆವು. ಮೌನವೆಂದರೆ ಸಮ್ಮತಿಯೆಂಬುದು ಮಗುವಿಗೂ ತಿಳಿಯದ ಸಂಗತಿಯಲ್ಲ. ಹಿಮ್ಮಡಿ ಎದ್ದಿತು.

ಕಂಬದ ಬಳಿಯಿದ್ದ ತರುಣನು ಕುಳಿತು ಹುಡುಗನ ಪಾದವನ್ನು ಮೆಲ್ಲಗೆ ನೆಲಕ್ಕೆ ಊರಿಸಿದನು. "ಇನ್ನೂ ಸ್ವಲ್ಪ ಬೆಳೆಯಬೇಕು ಮರಿ, ಮುಂದಿನ ಸಲ ಬಾ" ಎಂದನು. ನಮ್ಮ ಮಗನು ವಾದಕ್ಕೆ ತೊಡಗಿದಾಗಲೂ, "ಮಗುವಿಗೋಸ್ಕರವೇ ಹೇಳುತ್ತಿದ್ದೇನೆ ಸಾರ್" ಎಂದನೇ ಹೊರತು ದನಿಯೇರಿಸಲಿಲ್ಲ. ಅವನ ವಯಸ್ಸು ಇಪ್ಪತ್ತೆರಡಿರಬಹುದು. ಆ ಹೊತ್ತಿನಲ್ಲಿ ಉಪಾಧ್ಯಾಯನಾಗಿದ್ದವನು ಅವನೇ, ನಾವಲ್ಲ.

ಮರದ ನೆರಳಿನಲ್ಲಿ ಹುಡುಗನು ಅತ್ತನು. ಮಗನು ತಿಂಡಿ ತರಲು ಹೋದನು. ನಾವು ಸಮಾಧಾನಕ್ಕೆಂದು ಬಂಡಿಯ ಮರ್ಮವನ್ನು ವಿವರಿಸಿದೆವು: ಸರಪಳಿಯು ಅದನ್ನು ಶಿಖರದವರೆಗೆ ಎಳೆದೊಯ್ಯುವುದು, ಮುಂದೆ ಅದು ತನ್ನ ಭಾರದಿಂದಲೇ ಉರುಳುವುದು, ದಿಬ್ಬವನ್ನು ದಾಟಿ ಥಟ್ಟನೆ ಇಳಿಯುವಾಗ ನಮ್ಮ ತೂಕವೇ ಇಲ್ಲವಾದಂತಾಗಿ ಮೈ ಆಸನದಿಂದ ಮೇಲೇಳುವುದು, ಆಗ ಹಿಡಿದಿಡುವುದು ಮೈಗೆ ಅಡ್ಡಲಾಗಿ ಬಿಗಿಯುವ ದಂಡವೊಂದೇ, ಚಿಕ್ಕ ಮೈ ಅದರ ಸಂದಿನಿಂದ ನುಸುಳಿಬಿಡಬಹುದು. ಬಳಿಕ ಕಾಳಿದಾಸನ ಮಾಲವಿಕಾಗ್ನಿಮಿತ್ರದ ಕಥೆ ಬಂದಿತು. ಅದರಲ್ಲಿ ವಿದೂಷಕನ ಚಾಪಲ್ಯದಿಂದ ರಾಣಿ ಧಾರಿಣಿಯು ಉಯ್ಯಾಲೆಯಿಂದ ಬಿದ್ದು ಕಾಲಿಗೆ ಪೆಟ್ಟುಮಾಡಿಕೊಳ್ಳುವಳಷ್ಟೆ.

ಹುಡುಗನು ಕಣ್ಣೊರಸಿಕೊಂಡು, "ರಾಣಿಗೆ ಕಂಬ ಇರಲಿಲ್ಲವಾ ತಾತ?" ಎಂದನು. ನಾವು ನಕ್ಕೆವು. ಅವನು ನಗಲಿಲ್ಲ. "ಇದೆಲ್ಲ ನಿನಗೆ ಮೊದಲೇ ಗೊತ್ತಿತ್ತಲ್ಲ, ಆಗ ಯಾಕೆ ಬೇಡ ಅನ್ನಲಿಲ್ಲ?"

ಪರೀಕ್ಷಾಧಿಕಾರಿಗಳ ಮುಂದೆಯೂ ನಾವು ಅಷ್ಟು ತಬ್ಬಿಬ್ಬಾದುದಿಲ್ಲ. "ನೀನು ಅಳುವೆಯೆಂದು ಹೆದರಿದೆ, ಪುಟ್ಟ. ಹೇಳದೆ ಹೋದುದು ನನ್ನ ತಪ್ಪು" ಎಂದೆವು. ಅವನು ಸ್ವಲ್ಪ ಹೊತ್ತು ಯೋಚಿಸಿ, "ಹಾಗಾದರೆ ನೀನಾದರೂ ಹೋಗಿ ಬಾ, ನೀನು ಎತ್ತರ ಇದ್ದೀಯ. ಹೇಗಿತ್ತು ಅಂತ ಹೇಳು" ಎಂದನು.

ವಾಚಕರೊಡನೆ ಮುಚ್ಚುಮರೆಯೇಕೆ? ಬೆಳಗ್ಗಿನಿಂದಲೂ ನಮಗೂ ಆ ಬಂಡಿಯನ್ನೇರುವ ಆಸೆಯಿತ್ತು. ಮತ್ತೆ ಬಾಗಿಲ ಬಳಿಗೆ ಹೋದೆವು. ಅಲ್ಲಿದ್ದ ಹಲಗೆಯನ್ನು ಹುಡುಗನು ಗಟ್ಟಿಯಾಗಿ ಓದಿದನು. ಹೃದ್ರೋಗ, ರಕ್ತದೊತ್ತಡ, ಬೆನ್ನುನೋವು ಉಳ್ಳವರು ಏರಕೂಡದೆಂದು ಅದರಲ್ಲಿತ್ತು. ನಮ್ಮ ಜೇಬಿನಲ್ಲಿ ರಕ್ತದೊತ್ತಡದ ಗುಳಿಗೆಯಿತ್ತು. ಅದನ್ನು ಅಳೆಯುವ ಕಂಬ ಅಲ್ಲಿರಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಆ ತರುಣನೂ ನಮ್ಮನ್ನು ತಡೆಯುತ್ತಿರಲಿಲ್ಲ. ಹುಡುಗನು ನಮ್ಮ ಮುಖವನ್ನೇ ನೋಡುತ್ತಿದ್ದನು.

"ನನಗೂ ಇಲ್ಲ ಪುಟ್ಟ" ಎಂದು ಗುಳಿಗೆಯ ಪಟ್ಟಿಯನ್ನು ತೆಗೆದು ತೋರಿಸಿದೆವು.

ಅವನಿಗೆ ಅದೆಷ್ಟು ಆನಂದವಾಯಿತೆಂದರೆ, "ತಾತನಿಗೂ ಇಲ್ಲವಂತೆ!" ಎಂದು ಕೂಗುತ್ತ ಅಜ್ಜಿಯ ಬಳಿಗೆ ಓಡಿದನು. ಆ ಮಧ್ಯಾಹ್ನವೆಲ್ಲ ಅನರ್ಹರಾದ ನಾವಿಬ್ಬರೂ ಮರದ ಕುದುರೆಗಳ ಮೇಲೆ ಸುತ್ತಿದೆವು. ಮೊಮ್ಮಗಳೂ ಬಂದು ಸೇರಿದಳು. ನಮ್ಮ ಗೃಹಿಣಿಯು ದೂರದಿಂದ ನೋಡಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು.

ಮನೆಗೆ ಬಂದ ರಾತ್ರಿ ನಮ್ಮ ಮಗನು ತಾನಾಗಿಯೇ ಸೀಸದಕಡ್ಡಿಯನ್ನು ತಂದು ಹುಡುಗನನ್ನು ನಡುಮನೆಯ ಬಾಗಿಲವಾಡಕ್ಕೆ ಒರಗಿಸಿ ನಿಲ್ಲಿಸಿದನು. "ಹಿಮ್ಮಡಿ ಊರು" ಎಂದು ಹೇಳಿ ಗೆರೆಯೆಳೆದು ತಾರೀಖು ಬರೆದನು. ಹುಡುಗನು ನಮ್ಮನ್ನೂ ನಿಲ್ಲಿಸಿ ಮಣೆಯ ಮೇಲೆ ಹತ್ತಿ ಒಂದು ಗೆರೆಯೆಳೆದನು. ಅವನ ಗೆರೆ ಈಗಾಗಲೇ ಒಂದು ಬೆರಳು ಮೇಲೇರಿದೆ. ನಮ್ಮದು ಏರುವಂತಿಲ್ಲ, ಆದರೂ ತಿಂಗಳಿಗೊಮ್ಮೆ ಅವನು ನಮ್ಮನ್ನು ಕರೆದು ನಿಲ್ಲಿಸುವನು, ನಾವು ಹಿಮ್ಮಡಿ ಊರಿ ನಿಲ್ಲುವೆವು.