ದಿನಸಿ ಚೀಟಿಯ ವ್ಯಾಕರಣ

ಕಾಗದದ ಊರಿನವರಿಗೆ ಎಣಿಕೆಯ ಮಾತು ಹೊಸದಲ್ಲ. ದಾಂಡೇಲಿಯ ವೆಸ್ಟ್ ಕೋಸ್ಟ್ ಪೇಪರ್ ಮಿಲ್ ಸ್ಥಾಪನೆಯಾದದ್ದು 1955ರಲ್ಲಿ, ಕಾಗದ ಹೊರಬರತೊಡಗಿದ್ದು 1959ರಲ್ಲಿ. ಅಲ್ಲಿಂದೀಚೆಗೆ ನಮ್ಮ ಬಂಗೂರನಗರದ ಕ್ವಾರ್ಟರ್ಸುಗಳಲ್ಲಿ ರೀಮು, ದಸ್ತಾ ಅನ್ನುವುದು ಅನ್ನ, ಸಾರು ಅಂದಷ್ಟೇ ಸಲೀಸು. ದಸ್ತಾ ಅಂದರೆ 24 ಹಾಳೆ. ಇಪ್ಪತ್ತು ದಸ್ತಾ ಸೇರಿದರೆ ಹಳೇ ಕಾಲದ ರೀಮು, 480. ಈಗಿನದು ದುಂಡಗೆ 500. ಇನ್ನು ಹಾಳೆಯ ಮೂಲವಾದ ಬಿದಿರಿಗೆ ನಿಂತಾಗ ಮೆಳೆಯ ಲೆಕ್ಕ, ಕಡಿದಾಗ ಗಳದ ಲೆಕ್ಕ. ಇಂಥ ಊರಲ್ಲಿ ಬೆಳೆದ ಮೊಮ್ಮಗಳು ಕೊರಿಯನ್ ಧಾರಾವಾಹಿಗಳ ಹುಚ್ಚು ಹತ್ತಿ ಆ ಭಾಷೆಯನ್ನೇ ಕಲಿಯಲು ಕೂತಳು. “ಅಜ್ಜಾ, ಈ ಮಂದಿ ಹಾಳಿ ಎಣಿಸಾಕ ಒಂದು ಶಬ್ದ, ಪುಸ್ತಕಕ್ಕ ಒಂದು, ಕೋಳಿಗೆ ಇನ್ನೊಂದು ಇಟ್ಟಾರ!” ಎಂದು ತಲೆ ಹಿಡಿದುಕೊಂಡಾಗ ನನಗೆ ನಗು ಬಂತು.

ವಿಷಯ ಇಷ್ಟೇ. ಕೊರಿಯನ್ನರು ಬರೀ ‘ಎರಡು ಕೋಳಿ’ ಎನ್ನುವುದಿಲ್ಲ, ನಡುವೆ ಒಂದು ಎಣಿಕೆಪದ ಬೇಕು. ಹಾಳೆಗೆ ‘ಜಾಂಗ್’, ಪುಸ್ತಕಕ್ಕೆ ‘ಗ್ವೊನ್’, ಬಾಟಲಿಗೆ ‘ಬ್ಯೊಂಗ್’, ಪ್ರಾಣಿಪಕ್ಷಿಗಳಿಗೆ ‘ಮಾರಿ’. ಮಾರಿಗೆ ಕೋಳಿ ಕೊಡುವುದು ನಮ್ಮ ಕಡೆಯ ರೂಢಿ, ಕೋಳಿಗೇ ಮಾರಿ ಕೊಡುವುದು ಅವರದು. ಹೋಟೆಲಿನಲ್ಲಿ ಅವರು ಹೇಳುವುದು ‘ಕೊಪಿ ದು ಜಾನ್ ಜುಸೆಯೊ’: ಕಾಪಿ, ಎರಡು, ಕಪ್ಪು, ಕೊಡಿ. ಒಂದು ಪದವನ್ನೂ ಅತ್ತಿತ್ತ ಸರಿಸಬೇಕಿಲ್ಲ. ನಾನು ಅವಳ ಅಜ್ಜಿಯ ದಿನಸಿ ಚೀಟಿ ತೆಗೆದು ತೋರಿಸಿದೆ. ಸಕ್ಕರೆ ಎರಡು ಕಿಲೋ, ಬಾಳೆಹಣ್ಣು ಒಂದು ಡಜನ್, ಮೆಂತೆ ಎರಡು ಸಿವುಡು, ಮಲ್ಲಿಗೆ ಒಂದು ಮೊಳ. ಮೊದಲು ಸಾಮಾನು, ಆಮೇಲೆ ಅಂಕಿ, ಕೊನೆಗೆ ಅಳತೆ. ಕೊರಿಯನ್ನರು ಇಡೀ ಜಗತ್ತನ್ನೇ ಕಿರಾಣಿ ಅಂಗಡಿಯ ಚೀಟಿಯಂತೆ ಬರೆದುಕೊಂಡಿದ್ದಾರೆ.

ಹೋಮರ್ ಹಲ್ಬರ್ಟ್ ಎಂಬ ಅಮೆರಿಕದ ಮಿಷನರಿ 1905ರಲ್ಲಿ ಕೊರಿಯನ್‌ಗೂ ದ್ರಾವಿಡ ಭಾಷೆಗಳಿಗೂ ಹೋಲಿಕೆ ಹಚ್ಚಿ ಒಂದು ವ್ಯಾಕರಣವನ್ನೇ ಪ್ರಕಟಿಸಿದ್ದ. ಇವತ್ತಿನ ಭಾಷಾಶಾಸ್ತ್ರಜ್ಞರು ಆ ನೆಂಟಸ್ತಿಕೆಯನ್ನು ಒಪ್ಪುವುದಿಲ್ಲ. ಒಪ್ಪದಿರಲಿ, ಅಜ್ಜಿಯ ಚೀಟಿ ನೋಡಿದ್ದರೆ ಹಲ್ಬರ್ಟನಿಗೆ ಖುಷಿಯಾಗುತ್ತಿತ್ತು.

ಮೊಮ್ಮಗಳ ದೊಡ್ಡ ತಕರಾರು ಬೇರೆ. ಅಂಕಿಗಳಲ್ಲೇ ಎರಡು ಸಾಲು: ಹನ, ದುಲ್, ಸೆತ್ ಎಂಬ ಸ್ವಂತದ್ದು, ಇಲ್, ಇ, ಸಾಮ್ ಎಂಬ ಚೀನಾ ಮೂಲದ್ದು. ಗಂಟೆಗೆ ಸ್ವಂತದ ಅಂಕಿ, ಮಿನಿಟಿಗೆ ಚೀನಾದ್ದು. ಮೂರೂವರೆ ಗಂಟೆ ಎನ್ನಲು ‘ಸೆ ಶಿ ಸಾಮ್‌ಶಿಪ್ ಬುನ್’. ಒಂದೇ ಉಸಿರಿನಲ್ಲಿ ಎರಡು ಮನೆಯ ಮೂರು. ಸೆತ್ ಅಲ್ಲಿ ಸೆ ಆಗಿದ್ದಕ್ಕೂ ಅವಳಿಗೆ ಸಿಟ್ಟು. ನಮ್ಮ ‘ಎರಡು’ ಕೂಡ ‘ಇಮ್ಮಡಿ’ಯಲ್ಲಿ ಬಾಲ ಕಳೆದುಕೊಂಡೇ ಬರುತ್ತದೆ, ಯಾರೂ ದೂರುವುದಿಲ್ಲ. “ನಿನ್ನ ಮೊಬೈಲ್ ನಂಬರ್ ಹೇಳು” ಅಂದೆ. ನೈನ್, ಎಯ್ಟ್ ಎಂದು ಇಂಗ್ಲಿಷಿನಲ್ಲಿ ಓಡಿದಳು. “ವಯಸ್ಸು?” “ಹತ್ತೊಂಬತ್ತು.” ಫೋನ್ ನಂಬರನ್ನು ಕೊರಿಯನ್ನರೂ ಎರವಲು ಅಂಕಿಯಲ್ಲೇ ಹೇಳುತ್ತಾರೆ, ಮಾತಿನಲ್ಲಿ ವಯಸ್ಸಿಗೆ ಮಾತ್ರ ಮನೆಯದು. ನಮ್ಮ ಪೇಟೆಯಲ್ಲಂತೂ ಚೌಕಾಶಿ ಕನ್ನಡದಲ್ಲಿ ಶುರುವಾಗಿ ಮರಾಠಿಯಲ್ಲಿ ಇಳಿದು ಹಿಂದಿಯಲ್ಲಿ ಮುಗಿಯುವುದುಂಟು. ಅದಕ್ಕೆ ಯಾರೂ ವ್ಯಾಕರಣ ಬರೆದಿಲ್ಲವಷ್ಟೇ.

ಮನುಷ್ಯರ ಎಣಿಕೆಯಲ್ಲಿ ಮಾತ್ರ ನಾವೂ ಬಿಗಿ. ನಾಯಿ ಎರಡು, ಮಾಸ್ತರರು ಇಬ್ಬರು. ಪಕ್ಕದ ಮನೆಯ ಕೊಂಕಣಿಯವರದೂ ದೋಗ್, ತೀಗ್ ಎಂಬ ಬೇರೆಯೇ ಸಾಲು. ಕೊರಿಯನ್ನರು ಸಾಮಾನ್ಯ ಜನಕ್ಕೆ ‘ಮ್ಯೊಂಗ್’, ಗೌರವಸ್ಥರಿಗೆ ‘ಬುನ್’ ಎಂದು ಇನ್ನೊಂದು ಮೆಟ್ಟಿಲು ಏರಿದ್ದಾರೆ. ಮಿನಿಟಿಗೂ ಬುನ್, ದೊಡ್ಡವರಿಗೂ ಬುನ್! ಕಾಯಿಸುವ ದೊಡ್ಡವರನ್ನು ಕಂಡವರಿಗೆ ಇದರಲ್ಲಿ ವಿಶೇಷವೇನೂ ಕಾಣದು.

ನನಗೆ ರುಚಿಸಿದ್ದು ಅವರ ಸಂತೆಯ ಹಳೇ ಲೆಕ್ಕ. ಒಣಗಿದ ಸ್ಕ್ವಿಡ್ ಇಪ್ಪತ್ತಾದರೆ ಒಂದು ‘ಚುಕ್’, ಕಡಲಪಾಚಿಯ ಹಾಳೆ ನೂರಾದರೆ ಒಂದು ‘ತೊತ್’, ಬೆಳ್ಳುಳ್ಳಿ ಗಡ್ಡೆ ನೂರಾದರೆ ‘ಜೊಪ್’. ಹೊಲಿಗೆ ಸೂಜಿಯ ‘ಸಾಮ್’ಗೆ ಎಷ್ಟು ಗೊತ್ತೇ? ನಮ್ಮ ದಸ್ತಾದ ಹಾಗೆ ಸರಿಯಾಗಿ 24.

ಇಷ್ಟೆಲ್ಲ ಕಂಠಪಾಠ ಮಾಡಲಾರದವರಿಗೆ ‘ಗೆ’ ಎಂಬ ಒಂದು ಎಣಿಕೆಪದವಿದೆ. ಸೇಬಿಗೂ ಅದೇ, ಕುರ್ಚಿಗೂ ಅದೇ. ನಮ್ಮ ಅಂಗಡಿಗಳ ‘ಪೀಸ್’, ಹುಬ್ಬಳ್ಳಿ ಲಾರಿ ಆಫೀಸಿನ ‘ನಗ’ ಇದ್ದಂತೆ. ಮೊಮ್ಮಗಳು ಈಗ ಎಲ್ಲಕ್ಕೂ ಗೆ ಹಚ್ಚಿ ಆರಾಮಾಗಿದ್ದಾಳೆ. ನನಗದು ಸೇರುವುದಿಲ್ಲ, ಮೊಳದ ಮಲ್ಲಿಗೆಯನ್ನು ಪೀಸಿನಲ್ಲಿ ಕೇಳುವವರಿಗೆ ಹೂವಾಡಗಿತ್ತಿ ಹೂ ಕೊಡಬಾರದು. ಸಾಲದ್ದಕ್ಕೆ ಆ ‘ಗೆ’ ಒಂದು ಕಡೆ ಕೈಕೊಡುತ್ತದೆ. ಕೊರಿಯನ್‌ನಲ್ಲಿ ನಾಯಿಗೂ ‘ಗೆ’ ಎಂದೇ ಹೆಸರು, ಆದರೆ ನಾಯಿಯನ್ನು ಗೆ ಲೆಕ್ಕದಲ್ಲಿ ಎಣಿಸುವ ಹಾಗಿಲ್ಲ. ನಮ್ಮ ಗೇಟಿನ ಮುಂದೆ ಮಲಗಿರುವವು ‘ಗೆ ನೆ ಮಾರಿ’, ನಾಯಿ ನಾಲ್ಕು. ಆಚೆ ಓಣಿಯ ಕರಿಯ ಬಂದರೆ ‘ದಸೊತ್ ಮಾರಿ’, ಆಗ ಜಗಳ ಶುರು.