ಬ್ರೌಸರಿನ ಜ್ಞಾಪಕಶಕ್ತಿ

ಇಬ್ರಾಹಿಂಪುರದ ನಮ್ಮ ರಸ್ತೆಯಲ್ಲಿ ಕಿರಾಣಿ ಅಂಗಡಿಗಿಂತ ಅರ್ಜಿ ತುಂಬುವ ಅಂಗಡಿಗಳೇ ಹೆಚ್ಚಾಗಿವೆ. ಸ್ಕಾಲರ್‌ಶಿಪ್, ಪಿಂಚಣಿ, ಆದಾಯ ಪ್ರಮಾಣಪತ್ರ, ಹಜ್ ಅರ್ಜಿ ಎಲ್ಲವೂ ಅಲ್ಲಿಯೇ. 2022ರ ಬೇಸಿಗೆಯಲ್ಲಿ ನಮ್ಮ ಆಪಾನ ಮಗಳು ಕಾಲೇಜಿನ ಅರ್ಜಿ ಹಾಕಲು ಅಂಥದೊಂದು ಅಂಗಡಿಗೆ ಹೋದಳು. ತನ್ನ ಈಮೇಲ್ ತೆರೆದು ಅಂಕಪಟ್ಟಿ, ಫೋಟೋ ಎಲ್ಲ ಇಳಿಸಿಕೊಂಡಳು. ಅಷ್ಟರಲ್ಲಿ ಕರೆಂಟು ಹೋಯಿತು. ಮಾನಿಟರ್ ಕತ್ತಲಾದದ್ದನ್ನೇ ಬಾಗಿಲು ಮುಚ್ಚಿತೆಂದು ತಿಳಿದು ಎದ್ದು ಬಂದಳು. ಕರೆಂಟು ಬಂದ ಮೇಲೆ ಬ್ರೌಸರ್ ಅವಳ ಪೆಟ್ಟಿಗೆಯನ್ನು ನಿಷ್ಠೆಯಿಂದ ಮತ್ತೆ ತೆರೆದಿಟ್ಟಿತು. ಮೂರು ದಿನದಲ್ಲಿ ಅವಳ ಫೋಟೋ ರಸ್ತೆಯ ಹುಡುಗರ ಮೊಬೈಲಿನಲ್ಲಿತ್ತು.

ಫೋಟೋದಲ್ಲಿ ಏನೂ ಇರಲಿಲ್ಲ. ಬುರ್ಖಾ ತೊಟ್ಟ, ಮುಖ ಕಾಣುವ ಒಂದು ಪಾಸ್‌ಪೋರ್ಟ್ ಫೋಟೋ. ಆದರೆ ಭಾವ ಕೇಳಲಿಲ್ಲ. "ಇನ್ನ ಕಾಲೇಜೂ ಬ್ಯಾಡ, ಕಂಪ್ಯೂಟರೂ ಬ್ಯಾಡ" ಎಂದುಬಿಟ್ಟರು. ಕದ್ದು ನೋಡಿದವನನ್ನು ಯಾರೂ ಏನೂ ಅನ್ನಲಿಲ್ಲ. ಅನ್ಯರ ಮನೆಗೆ ಅನುಮತಿ ಕೇಳದೆ, ಸಲಾಂ ಹೇಳದೆ ಕಾಲಿಡಬಾರದೆಂದು ಸೂರಃ ಅನ್ನೂರ್‌ನಲ್ಲಿ ಆದೇಶವಿದೆ. ಅದನ್ನು ಜುಮಾ ಬಯಾನಿನಲ್ಲಿ ಎಷ್ಟೋ ಸಲ ಕೇಳಿದ ನಮ್ಮ ಜನ, ಹುಡುಗಿಯ ಈಮೇಲ್ ಪೆಟ್ಟಿಗೆಯೂ ಒಂದು ಮನೆ ಎಂದು ಯೋಚಿಸಿರಲಿಲ್ಲ. ನಿಜ ಹೇಳಬೇಕೆಂದರೆ ನಾವೂ ಯೋಚಿಸಿರಲಿಲ್ಲ.

ಮರುದಿನ ನಾವು ಆ ಅಂಗಡಿಗೆ ಹೋಗಿ ಅದೇ ಕುರ್ಚಿಯಲ್ಲಿ ಕುಳಿತೆವು. ಅರ್ಜಿಯ ಜಾಲತಾಣದಲ್ಲಿ ಹೆಸರು ಬರೆಯುವ ಖಾನೆಯ ಮೇಲೆ ಬೆರಳಿಟ್ಟದ್ದೇ ತಡ, ಕೆಳಗೆ ಹೆಸರುಗಳ ಸಾಲೊಂದು ಜಾರಿ ಬಂತು. ಫಾತಿಮಾ, ಸಾವಿತ್ರಿ, ಮೆಹಬೂಬ್, ಬಸವರಾಜ... ಇಡೀ ಓಣಿಯೇ ಅಲ್ಲಿ ಪಾಸ್‌ವರ್ಡ್ ಸಮೇತ ಪವಡಿಸಿತ್ತು. ಅಂಗಡಿಯ ಹುಡುಗ ಹೆಮ್ಮೆಯಿಂದಲೇ ಹೇಳಿದ: "ಮಂದಿ ಮರೀತಾರ್ರೀ ಸರ್, ಅದಕ್ಕ ನಾನೇ ಎಲ್ಲಾ ಸೇವ್ ಮಾಡಿಟ್ಟೀನಿ."

ಅಂದಿನಿಂದ ಈ ಬ್ರೌಸರುಗಳ ಹಿಂದೆ ಬಿದ್ದೆವು. ಕತೆ ಬರೆಯುವವರಿಗೆ ಇದು ಯಾಕೆಂದು ಸ್ನೇಹಿತರು ನಕ್ಕರು.

ನಮಗೆ ಬ್ರೌಸರಿನ ಮೊದಲ ಪಾಠವಾದದ್ದು ಇಪ್ಪತ್ತು ವರ್ಷಗಳ ಹಿಂದೆ, ಊರು ಇನ್ನೂ ಬಿಜಾಪುರವಾಗಿದ್ದಾಗ. ಆಗ ಸೈಬರ್ ಕೆಫೆಯಲ್ಲಿ ಇಂಟರ್ನೆಟ್ ಎಂದರೆ ಇಂಟರ್ನೆಟ್ ಎಕ್ಸ್‌ಪ್ಲೋರರ್‌ನ ನೀಲಿ 'ಈ' ಮಾತ್ರ. ಕನ್ನಡದ ಹಲವು ತಾಣಗಳು ತಮ್ಮದೇ ಅಕ್ಷರಶೈಲಿಯನ್ನು ಕಳಿಸಿ ಪುಟ ತೋರಿಸುತ್ತಿದ್ದವು, ಆ ತಂತ್ರ ಎಕ್ಸ್‌ಪ್ಲೋರರ್‌ಗೆ ಮಾತ್ರ ತಿಳಿಯುತ್ತಿತ್ತು. 2004ರ ನವೆಂಬರಿನಲ್ಲಿ ಫೈರ್‌ಫಾಕ್ಸ್ ಬಂದಾಗ ಆಸೆಯಿಂದ ಹಾಕಿಸಿ ನೋಡಿದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಉರ್ದುವಿನ ಪಾಡು ಬೇರೆ. ಅನೇಕ ಪತ್ರಿಕೆಗಳು ಪುಟದ ಚಿತ್ರವನ್ನೇ ನೇತುಹಾಕುತ್ತಿದ್ದವು. ಹೀಗಾಗಿ ಅದು ಯಾವ ಬ್ರೌಸರಿನಲ್ಲೂ ಒಂದೇ ರೀತಿ ಕಾಣುತ್ತಿತ್ತು, ಒಂದೇ ರೀತಿ ಹುಡುಕಲು ಸಿಗುತ್ತಿರಲಿಲ್ಲ. ನಮ್ಮ ಭಾಷೆ ಕಾಣಲೆಂದು ನಾವು ರಂಧ್ರಗಳಿಗೆ ಹೆಸರಾಗಿದ್ದ ಎಕ್ಸ್‌ಪ್ಲೋರರ್ 6ನ್ನೇ ಹಿಡಿದು ಕೂತೆವು. ಯೂನಿಕೋಡ್ ಹರಡಿದ ಮೇಲೆ ಆ ಹಂಗು ಹರಿಯಿತು. ಎಕ್ಸ್‌ಪ್ಲೋರರ್‌ಗೆ 2022ರ ಜೂನ್ 15ರಂದು ಮೈಕ್ರೋಸಾಫ್ಟೇ ವಿದಾಯ ಹೇಳಿತು.

ಇಂದು ಅಂಗಡಿಯಲ್ಲಿ ಹತ್ತು ಹೆಸರು ಕೇಳುತ್ತವೆ. ಆದರೆ 2008ರಲ್ಲಿ ಬಂದ ಕ್ರೋಮ್, 2020ರಿಂದ ಎಡ್ಜ್, ಜೊತೆಗೆ ಒಪೆರಾ, ಬ್ರೇವ್ ಎಲ್ಲವೂ ಒಳಗೆ ಒಂದೇ ಕ್ರೋಮಿಯಂ ಎಂಜಿನ್. ಗಾಡಿಗೆ ಬಣ್ಣ ಬೇರೆ ಅಷ್ಟೇ. ಫೈರ್‌ಫಾಕ್ಸ್ ಮತ್ತು ಆಪಲ್‌ನ ಸಫಾರಿಗೆ ಮಾತ್ರ ಸ್ವಂತ ಎಂಜಿನ್ ಇದೆ. ಕಳ್ಳ ತಾಣವೊಂದು ಪಕ್ಕದ ಟ್ಯಾಬಿಗೆ ಕೈ ಚಾಚದಂತೆ ಪ್ರತಿ ತಾಣವನ್ನೂ ಬೇರೆ ಕೋಣೆಯಲ್ಲಿಡುವ ಕೆಲಸದಲ್ಲಿ ಕ್ರೋಮ್ ಮುಂದಿತ್ತು. 2018ರಲ್ಲೇ ಅದನ್ನು ಮಾಡಿತು, ಫೈರ್‌ಫಾಕ್ಸ್ 2021ರಲ್ಲಿ ಮಾಡಿತು. ಆದರೆ ನಾವು ಎಲ್ಲೆಲ್ಲಿ ಅಡ್ಡಾಡಿದೆವೆಂದು ಜಾಹೀರಾತಿನವರು ಬೆನ್ನು ಹತ್ತುವುದನ್ನು ತಡೆಯುವಲ್ಲಿ ಲೆಕ್ಕ ತಿರುಗುಮುರುಗು. ಸಫಾರಿ 2020ರಲ್ಲಿ, ಫೈರ್‌ಫಾಕ್ಸ್ 2022ರಲ್ಲಿ ಆ ಕುಕಿಗಳಿಗೆ ಕಡಿವಾಣ ಹಾಕಿದವು. ಕ್ರೋಮ್ ಹಾಕುತ್ತೇನೆ ಹಾಕುತ್ತೇನೆ ಎಂದು ನಾಲ್ಕು ವರ್ಷ ಹೇಳಿ 2024ರಲ್ಲಿ ಕೈಬಿಟ್ಟಿತು. ಜಾಹೀರಾತಿನಿಂದಲೇ ಬದುಕುವ ಗೂಗಲ್‌ನಿಂದ ಬೇರೇನು ನಿರೀಕ್ಷಿಸುವುದು?

ಮೊಬೈಲಿನದು ಇನ್ನೊಂದು ಕತೆ. ಡೇಟಾ ಉಳಿಯುತ್ತದೆಂದು ಒಂದು ಕಾಲದಲ್ಲಿ ನಮ್ಮಲ್ಲಿ ಎಲ್ಲರ ಕೈಯಲ್ಲೂ ಯುಸಿ ಬ್ರೌಸರ್ ಇತ್ತು. ಅದು ಹುಡುಕಾಟದ ಪದಗಳನ್ನೂ ಇರುವ ಜಾಗವನ್ನೂ ಸರಿಯಾದ ಗುಪ್ತಲಿಪಿಯಿಲ್ಲದೆ ಸಾಗಿಸುತ್ತದೆಂದು 2015ರಲ್ಲೇ ಟೊರೊಂಟೊ ವಿಶ್ವವಿದ್ಯಾಲಯದ ಸಿಟಿಜನ್ ಲ್ಯಾಬ್ ತೋರಿಸಿತ್ತು. 2020ರ ಜೂನ್‌ನಲ್ಲಿ ಭಾರತ ಸರ್ಕಾರ ಅದನ್ನು ನಿಷೇಧಿಸಿತು, ಕಾರಣ ಬೇರೆ. ಗುಪ್ತಲಿಪಿಯಿಲ್ಲದ ಮಾತೆಂದರೆ ಗೋಳಗುಮ್ಮಟದ ಗ್ಯಾಲರಿಯಲ್ಲಿ ಪಿಸುಗುಟ್ಟಿದ ಹಾಗೆ. ಗೋಡೆಗೆ ಬಾಯಿಟ್ಟು ಹೇಳಿದ್ದು ಎದುರು ಬದಿಯವನ ಕಿವಿಗೆ ಬಿದ್ದೇ ಬೀಳುತ್ತದೆ. ವಿಳಾಸದ ಪಕ್ಕದ ಬೀಗದ ಚಿತ್ರ ಆ ಭಯವನ್ನು ಮಾತ್ರ ಕಳೆಯುತ್ತದೆ. ಆಚೆ ಕೂತವನು ಸಾಚಾ ಎಂದು ಅದು ಹೇಳುವುದಿಲ್ಲ. ಖೋಟಾ ತಾಣಗಳಿಗೂ ಬೀಗ ಸುಲಭವಾಗಿ ಸಿಗುತ್ತದೆ. ಜನ ತಪ್ಪು ತಿಳಿಯುತ್ತಾರೆಂದೇ ಕ್ರೋಮ್ 2023ರಲ್ಲಿ ಆ ಚಿತ್ರವನ್ನು ತೆಗೆಯಿತು.

ದಿನದ ಬಳಕೆಗೆ ಯಾವುದು ಎಂದು ಕೇಳಿದರೆ ನಾವು ಫೈರ್‌ಫಾಕ್ಸ್ ಎನ್ನುತ್ತೇವೆ. 'ಯುಬ್ಲಾಕ್ ಒರಿಜಿನ್' ಎಂಬ ಜಾಹೀರಾತು ತಡೆಯುವ ಉಪಕರಣ ಕ್ರೋಮ್‌ನಿಂದ ಹೊರಬಿದ್ದರೂ ಇದರಲ್ಲಿ ನಡೆಯುತ್ತದೆ, ಆಂಡ್ರಾಯ್ಡ್ ಫೋನಿನಲ್ಲೂ ನಡೆಯುತ್ತದೆ. ಖೋಟಾ 'ಡೌನ್‌ಲೋಡ್' ಗುಂಡಿಗಳು ಕಣ್ಣಿಗೇ ಬೀಳದಿದ್ದರೆ ಆಪಾನಂಥವರು ಒತ್ತುವುದೂ ಇಲ್ಲ. ಆದರೆ ಕೆಲವು ಅರ್ಜಿ ತಾಣಗಳು ಇದರಲ್ಲಿ ತಕರಾರು ಮಾಡುತ್ತವೆ, ಆಗ ಕ್ರೋಮ್‌ಗೇ ಹೋಗಬೇಕು. ಯಾವುದೇ ಇರಲಿ, ಅಪ್‌ಡೇಟ್ ಮಾಡದ ಒಳ್ಳೆಯ ಬ್ರೌಸರಿಗಿಂತ ಅಪ್‌ಡೇಟ್ ಆದ ಸಾಧಾರಣ ಬ್ರೌಸರೇ ವಾಸಿ. ಮಂದಿಯ ಅಂಗಡಿಯಲ್ಲಾದರೆ 'ಇನ್‌ಕಾಗ್ನಿಟೊ' ಕಿಟಕಿ ತೆರೆದು, ಕೆಲಸ ಮುಗಿದ ಮೇಲೆ ಅಂಥ ಕಿಟಕಿಗಳನ್ನೆಲ್ಲ ಮುಚ್ಚಿ ಏಳಬೇಕು. ಅದು ಅಂಗಡಿಯ ಬ್ರೌಸರಿಗೆ ನಮ್ಮನ್ನು ಮರೆಸುತ್ತದೆ ಅಷ್ಟೇ, ನೆಟ್‌ವರ್ಕ್ ನಡೆಸುವವನಿಗೂ ತಾಣದವನಿಗೂ ಮರೆಸುವುದಿಲ್ಲ. ಆ ಕಿಟಕಿಯಲ್ಲಿದ್ದವರ ದಾಖಲೆ ಕೂಡಿಟ್ಟಿದ್ದಕ್ಕೆ ಅಮೆರಿಕದಲ್ಲಿ ಮೊಕದ್ದಮೆ ನಡೆದು, ಅವನ್ನು ಅಳಿಸಲು ಗೂಗಲ್ 2024ರಲ್ಲಿ ಒಪ್ಪಬೇಕಾಯಿತು.

ಇಷ್ಟು ತಿಳಿದ ಹುಮ್ಮಸ್ಸಿನಲ್ಲಿ ಅಂಗಡಿಯ ಹುಡುಗನಿಗೆ ತಿಳಿಹೇಳಿ, ಎದುರಿಗೇ ನಿಂತು ಆ ಪಾಸ್‌ವರ್ಡುಗಳನ್ನೆಲ್ಲ ಅಳಿಸಿಸಿದೆವು. ಅವುಗಳಲ್ಲಿ ನಮ್ಮದೂ ಒಂದಿತ್ತು! ವಾರದೊಳಗೆ ಅವನ ಫೋನು. "ಸರ್, ಮುದುಕರು ಬಂದು ಬೈಯಾಕತ್ತಾರ್ರೀ. ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲ." ನಮಗೆ ಹೊಳೆದೇ ಇರದ ಸಂಗತಿ ಇದು. ಅಕ್ಷರ ಬಾರದವರಿಗೆ ಆ ಬ್ರೌಸರೇ ನೆನಪಾಗಿತ್ತು, ಆ ಹುಡುಗನೇ ಅಮಾನತ್ ಕಾಯುವವನಾಗಿದ್ದ. ಎರಡು ಸಂಜೆ ಅಲ್ಲಿ ಕೂತು, ಒಬ್ಬೊಬ್ಬರ ಒಟಿಪಿ ತರಿಸಿ ಹೊಸ ಪಾಸ್‌ವರ್ಡ್ ಮಾಡಿ, ಚಿಕ್ಕ ನೋಟ್‌ಬುಕ್ಕುಗಳಲ್ಲಿ ಬರೆದುಕೊಟ್ಟೆವು. ಉರ್ದು ಓದುವವರಿಗೆ ಉರ್ದುವಿನಲ್ಲಿ, ಕನ್ನಡದವರಿಗೆ ಕನ್ನಡದಲ್ಲಿ ಯಾವುದು ಯಾವುದರದೆಂದು ಗುರುತು ಹಾಕಿದೆವು. ಎರಡೂ ಬಾರದ ಒಬ್ಬ ಅಜ್ಜಿ ನೋಟ್‌ಬುಕ್ಕನ್ನು ಹುಡುಗನ ಕೈಗೇ ಕೊಟ್ಟು, "ನಿನ್ನ ಹತ್ರಾನ ಇರ್ಲಿ ಬೇಟಾ" ಎಂದು ಹೋದಳು.

ಎರಡನೆಯ ಸಂಜೆ ಬರೆಯಲು ನಮಗೆ ನೆರವಾದವಳು ಆಪಾನ ಮಗಳು. ಭಾವ ಅಂಗಡಿಯ ಹೊರಗೆ ಸ್ಕೂಟರಿನ ಮೇಲೆ ಕೂತಿದ್ದರು, ಒಳಗೆ ಬರಲಿಲ್ಲ. ಎದ್ದು ಬರುವಾಗ ಹುಡುಗಿ ತಾನು ಕೂತಿದ್ದ ಕಂಪ್ಯೂಟರಿನಲ್ಲಿ ಪ್ರತಿಯೊಂದು ಲಾಗೌಟ್ ಆಗಿದೆಯೇ ಎಂದು ಮತ್ತೊಮ್ಮೆ ನೋಡಿದಳು. ಆಮೇಲೆ ನಮ್ಮ ಕಿವಿಯಲ್ಲಿ ಕೇಳಿದಳು: "ಮಾಮೂ, ಕಾಲೇಜಿನ ಕೊನೇ ತಾರೀಖು ಇನ್ನೂ ನಾಲ್ಕು ದಿನ ಅದ. ಅಬ್ಬಾಗ ನೀವು ಹೇಳ್ತೀರೋ, ನಾನೇ ಹೇಳ್ಲೋ?"