ಆ ಸಾಲು ಬರೆದವರು ಯಾರು?

ನನ್ನ ಲ್ಯಾಪ್‌ಟಾಪಿನಲ್ಲಿ ಒಂದು ಕಾಲಕ್ಕೆ ‘ಫೈನಲ್’, ‘ಫೈನಲ್ 2’, ‘ಸರ್ ನೋಡಿದ ಫೈನಲ್’ ಎಂಬ ಫೈಲುಗಳಿದ್ದವು. ಪಿಎಚ್.ಡಿ. ಮಾಡುವವರಿಗೆ ಇದು ಹೊಸತಲ್ಲ ಬಿಡಿ. ಆ ಗೊಂದಲದಿಂದ ನನ್ನನ್ನು ಬಿಡಿಸಿದ್ದು ಲ್ಯಾಬಿನ ಸೀನಿಯರ್ ಅಕ್ಕ. ಒಂದು ಮಧ್ಯಾಹ್ನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು, “ಇದೊಂದು ಕಲ್ತ್ಕೋ, ಸಾಕು” ಎಂದು ಗಿಟ್ ಹೇಳಿಕೊಟ್ಟರು.

ಲೈನಸ್ ಟೊರ್ವಾಲ್ಡ್ಸ್ 2005ರಲ್ಲಿ ಲಿನಕ್ಸ್ ಕರ್ನಲ್ಲಿನ ಕೆಲಸಕ್ಕೆಂದು ಬರೆದ ತಂತ್ರಾಂಶ ಅದು. ಫೋಲ್ಡರಿನೊಳಗೆ ನಿಂತು ‘ಗಿಟ್ ಇನಿಟ್’ ಎಂದರೆ ಅಲ್ಲಿಂದ ಲೆಕ್ಕ ಶುರು. ‘ಆ್ಯಡ್’, ‘ಕಮಿಟ್’ ಎರಡೂ ಯಾಕೆ ಬೇಕೆಂಬುದು ಮಾತ್ರ ನನ್ನ ತಲೆಗೆ ಹೋಗಲಿಲ್ಲ. ಊರಿಗೆ ಹೊರಡುವಾಗ ಬೇಕಾದ ಬಟ್ಟೆಗಳನ್ನು ಮಂಚದ ಮೇಲೆ ತೆಗೆದಿಡುವುದು ಆ್ಯಡ್, ಬ್ಯಾಗಿಗೆ ತುಂಬಿ ಝಿಪ್ ಎಳೆಯುವುದು ಕಮಿಟ್ ಅಂದರು ಅಕ್ಕ. ಮಂಚದ ಮೇಲೆ ಏನಿದೆ, ಬೀರುವಿನಲ್ಲಿ ಏನು ಉಳಿದಿದೆ ಎಂದು ‘ಸ್ಟೇಟಸ್’ ಹೇಳುತ್ತದೆ. ಇದುವರೆಗೆ ಕಟ್ಟಿದ ಬ್ಯಾಗುಗಳ ಪಟ್ಟಿ ‘ಲಾಗ್’. ಪ್ರತಿ ಕಮಿಟ್‌ಗೂ ಒಂದು ಸಾಲಿನ ಟಿಪ್ಪಣಿ ಬರೆಯಬೇಕು. “ನಾಳೆ ನಿನಗೇ ಅರ್ಥ ಆಗೋ ಹಾಗೆ ಬರಿ” ಎಂದಿದ್ದರು.

ನಮ್ಮದು ಮಲೆನಾಡಿನ ಮಳೆಯ ಲೆಕ್ಕ. ಅಕ್ಕ ಪದವಿ ಮುಗಿಸಿ ಹೋದ ಮೇಲೆ ಅವರ ಕೋಡ್ ನನ್ನ ಪಾಲಿಗೆ ಬಂತು. ಕಳೆದ ತಿಂಗಳು ಗೈಡ್ ನನ್ನ ಪಟ್ಟಿ ನೋಡಿ, ಜುಲೈ ಸರಾಸರಿ ಯಾಕೆ ಕಡಿಮೆ ಬರ್ತಿದೆ ಎಂದು ಕೇಳಿದರು. ಯೋಚಿಸದೆ ಹೇಳಿಬಿಟ್ಟೆ: “ಸರ್, ಆ ಭಾಗ ಅಕ್ಕಂದು. ನಾನು ಮುಟ್ಟಿಲ್ಲ.” ಅವರು ಅಂದೇ ಅಕ್ಕನಿಗೆ ಮೇಲ್ ಹಾಕಿದರು. ಪಾಪ, ಅವರು ಹೊಸ ಕೆಲಸದ ನಡುವೆ ಎರಡು ರಾತ್ರಿ ಕೂತು ಹಳೆಯ ಫೈಲುಗಳನ್ನು ಜಾಲಾಡಿದರಂತೆ.

ತಪ್ಪು ಸಿಕ್ಕಿದ್ದು ನನಗೇ. ಅಳತೆ ಸಿಗದ ದಿನಗಳಿಗೆ ನಮ್ಮ ದತ್ತಾಂಶದಲ್ಲಿ -999 ಎಂದಿರುತ್ತದೆ. ಸರಾಸರಿಗೆ ಮೊದಲು ಅವನ್ನು ಕೈಬಿಡಬೇಕು. ಕೋಡಿನಲ್ಲಿ -99 ಎಂದಿತ್ತು. ಹಾಗಾಗಿ -999ಗಳೂ ಮಳೆಯ ಜೊತೆ ಕೂಡಿಕೊಂಡಿದ್ದವು. ಅಂಥ ದಿನಗಳು ಬೆರಳೆಣಿಕೆಯಷ್ಟಿದ್ದರಿಂದ, ಜುಲೈ ಮಳೆಯ ರಾಶಿಯಲ್ಲಿ ತಪ್ಪು ಕಣ್ಣಿಗೆ ಬೀಳಲಿಲ್ಲ.

ಪ್ರತಿ ಸಾಲನ್ನೂ ಕೊನೆಯದಾಗಿ ಬದಲಿಸಿದವರು ಯಾರೆಂದು ತೋರಿಸುವ ಆಜ್ಞೆಯೊಂದಿದೆ, ‘ಗಿಟ್ ಬ್ಲೇಮ್’. ಅಕ್ಕನ ಹೆಸರು ನೋಡಲೆಂದೇ ಟೈಪ್ ಮಾಡಿದೆ. ಬಂದದ್ದು ನನ್ನ ಹೆಸರು, ಎರಡು ವರ್ಷದ ಹಿಂದಿನ ತಾರೀಖು, ರಾತ್ರಿ ಎರಡೂ ನಲವತ್ತು. ಬೇರೆ ಯಾವುದೋ ಫೈಲಿಗಾಗಿ ಬದಲಿಸಿ ಮರೆತಿದ್ದೆ.

ಇತಿಹಾಸವನ್ನೇ ತಿದ್ದಿ ಸರ್ವರಿಗೆ ಒತ್ತಾಯದಿಂದ ‘ಪುಷ್’ ಮಾಡುವ ದಾರಿಯೂ ಇದೆ. ಆ ಕೋಡ್ ತೆರೆಯುವವಳು ಈಗ ನಾನೊಬ್ಬಳೇ. ಹತ್ತು ನಿಮಿಷ ಅದನ್ನೇ ಯೋಚಿಸಿದ್ದು ನಿಜ. ಆಮೇಲೆ ‘ರಿವರ್ಟ್’ ಕೊಟ್ಟೆ. ಅದು ತಪ್ಪನ್ನು ಅಳಿಸುವುದಿಲ್ಲ, ಅದನ್ನು ಸರಿಪಡಿಸುವ ಇನ್ನೊಂದು ಕಮಿಟ್ ಸೇರಿಸುತ್ತದೆ, ಅಷ್ಟೆ.

ಸಂಜೆ ಫೋನ್ ಮಾಡಿ, “ಅಕ್ಕಾ, ಆ ಸಾಲು ನಂದೇ” ಎಂದೆ.

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ಟಿಪ್ಪಣಿ ಏನ್ ಬರ್ದಿದ್ದೆ?” ಎಂದರು.

“‘ಸಣ್ಣ ಬದಲಾವಣೆ’ ಅಂತ.”

ನಕ್ಕರು. “ಸರ್‌ಗೆ ಹೇಳಿದ್ಯಾ?”

“ಇನ್ನೂ ಇಲ್ಲ.”

“ಹಾಗಾದ್ರೆ ಫೋನ್ ಇಡು” ಎಂದರು.